ಎಚ್‌ಬಿ (ಹಿಮೋಗ್ಲೋಬಿನ್) ಟೆಸ್ಟು, ಅದರ ಬಿಲ್ಲು: ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವ ಹೊತ್ತಿಗೆ ಪಾಂಡವಪುರ, ಮಂಡ್ಯ, ನಂಜನಗೂಡಿನ ಬಸ್ಸಿಳಿದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅರ್ಧ ದಿನ ಸೂಜಿ ಹಿಡಿಯುವ ಕೆಲಸ, ಇನ್ನರ್ಧ ದಿನ ಬಿಲ್ ಕೌಂಟರ್. ಹಾಗಾಗಿ ರಿಪೋರ್ಟಿನ ಪ್ರಶ್ನೆಯೂ ನನಗೇ, ರೇಟಿನ ಜಗಳವೂ ನನಗೇ. ಕೇಳಿದವರ ಮಾತನ್ನು ಹಾಗೇ ಬರೆದಿಟ್ಟುಕೊಂಡಿದ್ದೆ, ಅದನ್ನೇ ಇಲ್ಲಿ ಜೋಡಿಸಿದ್ದೇನೆ. ಔಷಧಿ ಬರೆಯುವುದು ಡಾಕ್ಟರ ಕೆಲಸ. ಇಲ್ಲಿ ಓದಿ ಮಾತ್ರೆ ತಗೊಳ್ಳಬೇಡಿ, ಬಿಡಲೂ ಬೇಡಿ.

## ಟೆಸ್ಟಿಗೆ ಮುಂಚೆ

ರಕ್ತ ಕಮ್ಮಿ ಅದೆ ಅಂದ್ರು ಕಣವ್ವ. ಮೈಯಲ್ಲಿರೋ ರಕ್ತ ಎಲ್ಲೋಯ್ತು?

ಎಲ್ಲೂ ಹೋಗಿಲ್ಲ ಯಜಮಾನರೇ. ಪಾನಕ ಮಾಡುವಾಗ ಬೆಲ್ಲ ಕಡಿಮೆ ಹಾಕಿದರೆ ಏನಾಗುತ್ತೆ? ಲೋಟ ತುಂಬಿಯೇ ಇರುತ್ತೆ, ಸಿಹಿ ಇರೋದಿಲ್ಲ. ಇದೂ ಹಾಗೇ. ಕೆಂಪು ರಕ್ತಕಣದೊಳಗೆ ಹಿಮೋಗ್ಲೋಬಿನ್ ಅಂತ ಒಂದು ಪ್ರೋಟೀನ್ ಇದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತೆ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುವುದು ಅದರ ಕೆಲಸ. ಅದು ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ ಏದುಸಿರು, ತಲೆ ಸುತ್ತು, ಸುಮ್ನೆ ಕೂತರೂ ಸುಸ್ತು. ರಿಪೋರ್ಟಿನಲ್ಲಿ 11 ಅಂತ ಇದ್ದರೆ 100 ಎಂಎಲ್ ರಕ್ತದಲ್ಲಿ 11 ಗ್ರಾಂ ಹಿಮೋಗ್ಲೋಬಿನ್ ಇದೆ ಅಂತ ಅರ್ಥ. ನಾವೆಲ್ಲ ಚಿಕ್ಕದಾಗಿ ಎಚ್‌ಬಿ ಅನ್ನುತ್ತೇವೆ.

ಎಷ್ಟಿದ್ರೆ ಸರಿ ಮೇಡಂ? ನಮ್ಮಮ್ಮನಿಗೆ 11.4, ನನ್ನ ಹೆಂಡತಿಗೂ 11.4. ಡಾಕ್ಟರು ಅಮ್ಮನಿಗೆ ಮಾತ್ರ ಕಮ್ಮಿ ಅಂದ್ರು.

ನಿಮ್ಮ ಹೆಂಡತಿ ಬಸುರಿ ಅಲ್ವಾ, ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಗರ್ಭಿಣಿಯರಿಗೆ ಗಡಿ 11. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಸಂಖ್ಯೆ ತಾನಾಗಿ ಸ್ವಲ್ಪ ಇಳಿಯುತ್ತೆ. 2024ರ ಮಾರ್ಗಸೂಚಿಯಲ್ಲಿ ನಡುವಿನ ಮೂರು ತಿಂಗಳಿಗೆ 10.5 ಅಂತ ಇನ್ನೂ ಕೆಳಗಿಟ್ಟಿದ್ದಾರೆ. ಗರ್ಭಿಣಿಗೆ 7ಕ್ಕಿಂತ ಕಡಿಮೆ ಬಂದರೆ ತೀವ್ರ. ಆ ರಿಪೋರ್ಟನ್ನು ನಾನು ಪ್ರಿಂಟ್ ತೆಗೆದು ಕಾಯುವುದಿಲ್ಲ, ನೇರ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ನಿಮ್ಮಮ್ಮ ಒಬ್ಬರಿಗೇ ಅಲ್ಲ ಈ ತೊಂದರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ. 47.8. ಅಂದರೆ ನಮ್ಮ ಮೆಟ್ಟಿಲ ಮೇಲೆ ಕೂತ ಇಬ್ಬರು ಹೆಂಗಸರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ.

ಬರೀ ಹೊಟ್ಟೇಲಿ ಬರಬೇಕಾ?

ಎಚ್‌ಬಿ ಒಂದಕ್ಕೇ ಆದರೆ ಬೇಡ. ಇಡ್ಲಿ ತಿಂದೇ ಬನ್ನಿ. ಜೊತೆಗೆ ಫಾಸ್ಟಿಂಗ್ ಶುಗರ್ ಬರೆದಿದ್ದರೆ ಮಾತ್ರ ಉಪವಾಸ.

ಅಂಗನವಾಡೀಲಿ ಬೆರಳು ಚುಚ್ಚಿ ಒಂದೇ ನಿಮಿಷಕ್ಕೆ ಹೇಳಿದ್ರು. ನೀವ್ಯಾಕೆ ತೋಳಿಂದ ತೆಗಿತೀರಾ?

ಬೆರಳಿನ ತೊಟ್ಟು ರಕ್ತವನ್ನು ಪಟ್ಟಿಯ ಮೇಲೆ ಹಾಕಿ ಓದುವ ಡಿಜಿಟಲ್ ಮೀಟರ್ ಹಳ್ಳಿ ಹಳ್ಳಿಗೂ ಬಂದಿರುವುದು ಒಳ್ಳೇದೇ. ಯಾರಿಗೆ ಕಡಿಮೆ ಇದೆ ಅಂತ ಹುಡುಕಿ ತೆಗೆಯಲು ಅದು ಸಾಕು. ತೊಂದರೆ ಎಲ್ಲಿ ಅಂದರೆ, ರಕ್ತ ಬರಲಿಲ್ಲ ಅಂತ ಬೆರಳನ್ನು ಹಿಂಡಿಬಿಡುತ್ತಾರೆ. ಹಿಂಡಿದರೆ ರಕ್ತದ ಜೊತೆ ಮೈಯ ನೀರೂ ಬರುತ್ತೆ, ಸಂಖ್ಯೆ ತಪ್ಪುತ್ತೆ. ಮೊದಲ ತೊಟ್ಟನ್ನು ಒರೆಸಿ, ತಾನಾಗಿ ಉಬ್ಬಿದ ತೊಟ್ಟನ್ನು ತಗೋಬೇಕು.

ತೋಳಿನಿಂದ ತೆಗೆದ ರಕ್ತ ನೇರಳೆ ಮುಚ್ಚಳದ ಟ್ಯೂಬಿಗೆ ಹೋಗುತ್ತೆ. ಒಳಗೆ ಇಡಿಟಿಎ ಅಂತ, ಹೆಪ್ಪುಗಟ್ಟದ ಹಾಗೆ ತಡೆಯುವ ಮದ್ದು ಇರುತ್ತೆ. ತುಂಬಿದ ತಕ್ಷಣ ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತೇವೆ. ಕುಲುಕಬಾರದು, ಮಗುವನ್ನು ತೂಗಿದ ಹಾಗೆ. ಅದನ್ನು ಸೆಲ್ ಕೌಂಟರ್ ಯಂತ್ರಕ್ಕೆ ಕೊಟ್ಟರೆ ಎಚ್‌ಬಿ ಜೊತೆಗೆ ಕಣಗಳ ಗಾತ್ರ, ಲೆಕ್ಕ, ಪ್ಲೇಟ್‌ಲೆಟ್ ಎಲ್ಲ ಬರುತ್ತೆ. ಯಾಕೆ ಕಡಿಮೆಯಾಗಿದೆ ಅನ್ನೋ ಸುಳಿವು ಅಲ್ಲಿದೆ. ಬೆರಳಿನ ಮೀಟರಿನಲ್ಲಿ ಅದು ಸಿಗೋದಿಲ್ಲ.

ಆಸ್ಪತ್ರೇಲಿ 9.2, ನಿಮ್ಮಲ್ಲಿ 9.7. ಇಬ್ಬರಲ್ಲಿ ಯಾರದ್ದು ಸುಳ್ಳು?

ಎರಡೂ ನಿಜವೇ ಇರಬಹುದು. ಬೇರೆ ಯಂತ್ರ, ಬೇರೆ ಹೊತ್ತು, ನೀವು ಕುಡಿದ ನೀರು, ಕೂತಿದ್ರಾ ಮಲಗಿದ್ರಾ ಅನ್ನೋದು ಎಲ್ಲ ಸೇರಿ ಅರ್ಧ ಗ್ರಾಂ ಆಚೀಚೆ ಆಗುತ್ತೆ. ಎರಡು ಮೂರು ಗ್ರಾಂ ವ್ಯತ್ಯಾಸ ಬಂದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ.

ಅಂಥದ್ದೊಂದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ನರ್ಸಿಂಗ್ ಹೋಮಿನಿಂದ ಸ್ಯಾಂಪಲ್ ಬಂತು. ಬೆಳಿಗ್ಗೆ 11.2 ಇದ್ದ ಹೆಂಗಸಿಗೆ ಮಧ್ಯಾಹ್ನ 5.8. ಮಗ ಆಗಲೇ ಬ್ಲಡ್ ಬ್ಯಾಂಕಿಗೆ ಹೊರಟು ನಿಂತಿದ್ದ. ನನಗೆ ಅನುಮಾನ ಬಂದಿದ್ದು ಬೇರೆ ಸಂಖ್ಯೆಗಳಿಂದ. ಬಿಳಿ ರಕ್ತಕಣವೂ ಅರ್ಧ, ಪ್ಲೇಟ್‌ಲೆಟ್ಟೂ ಅರ್ಧ. ಶುಗರ್ ಮಾತ್ರ ಆಕಾಶಕ್ಕೆ ಹೋಗಿದೆ. ಗ್ಲೂಕೋಸ್ ಡ್ರಿಪ್ ಹೋಗುತ್ತಿದ್ದ ಕೈಯಿಂದಲೇ ರಕ್ತ ಎಳೆದಿದ್ದರು. ಇನ್ನೊಂದು ಕೈಯಿಂದ ತೆಗೆಸಿದೆ. 11.0 ಬಂತು. ಮಗ ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಬಿಲ್ ನೋಡಿದರೆ ಎರಡೂ ಟೆಸ್ಟಿಗೆ ದುಡ್ಡು ಹಾಕಿದ್ದಾರೆ! ತಮ್ಮ ತಪ್ಪಿನ ಸ್ಯಾಂಪಲ್ಲಿಗೆ ರೋಗಿ ಯಾಕೆ ಕೊಡಬೇಕು? ಒಂದನ್ನು ಹೊಡೆಸಿ ಹಾಕಿಸಿದೆವು. ಈ ಕಥೆ ಕೊನೆಯಲ್ಲಿ ಮತ್ತೆ ಬರುತ್ತೆ.

## ರಿಪೋರ್ಟ್ ಕೈಗೆ ಬಂದ ಮೇಲೆ

ಎಂಸಿವಿ ಅಂತ ಒಂದು ದಪ್ಪ ಅಕ್ಷರದಲ್ಲಿ ಬಂದಿದೆ, 68. ಭಯ ಪಡಬೇಕಾ?

ಎಂಸಿವಿ ಅಂದರೆ ಕೆಂಪು ಕಣದ ಸರಾಸರಿ ಗಾತ್ರ. ಸುಮಾರು 80ರಿಂದ 100ರೊಳಗೆ ಇರಬೇಕು. ಎಚ್‌ಬಿ ಕಡಿಮೆ, ಕಣವೂ ಸಣ್ಣದು ಅಂದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಎಚ್‌ಬಿ ಕಡಿಮೆ, ಕಣ ದೊಡ್ಡದು ಅಂದರೆ ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆ ಇರಬಹುದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆಯನ್ನು ಜಾಸ್ತಿ ನೋಡುತ್ತೇನೆ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಗಾತ್ರ ಮಾಮೂಲಿ ಅಂತ ಬಂದು ಮೋಸ ಮಾಡುತ್ತೆ. ಆಗ ಆರ್‌ಡಿಡಬ್ಲ್ಯೂ ನೋಡಬೇಕು. ಕಣಗಳು ಒಂದೊಂದು ಒಂದೊಂದು ಅಳತೆಯಲ್ಲಿದ್ದರೆ ಅದು ಏರಿರುತ್ತೆ.

ಮೈಯ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತಿಳಿಯಲು ಫೆರಿಟಿನ್ ಟೆಸ್ಟ್ ಬೇರೆ ಇದೆ. ಜ್ವರ, ಸೋಂಕು ಇದ್ದಾಗ ಅದು ಸುಳ್ಳಾಗಿ ಏರುತ್ತೆ. ಜ್ವರ ಬಿಟ್ಟ ಮೇಲೆ ಮಾಡಿಸಿದರೆ ದುಡ್ಡಿಗೆ ಮೋಸ ಇಲ್ಲ.

ದಿನಾ ಮುದ್ದೆ, ಸೊಪ್ಪಿನ ಸಾರು ತಿಂತೀವಿ. ಈಗ ಬೀಟ್‌ರೂಟೂ ಶುರು ಮಾಡಿದೀವಿ. ಆದ್ರೂ ಏರ್ತಿಲ್ಲ ಯಾಕೆ?

ಬೀಟ್‌ರೂಟಿನ ಬಣ್ಣ ನೋಡಿ ಜನ ಮೋಸ ಹೋಗುತ್ತಾರೆ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಆಸುಪಾಸು, ಅಷ್ಟೇ. ರಾಗಿ ಎಷ್ಟೋ ವಾಸಿ, 100 ಗ್ರಾಂ ಹಿಟ್ಟಿಗೆ 4–5 ಮಿಲಿಗ್ರಾಂ. ಆದರೆ ಅದರಲ್ಲಿರುವ ಫೈಟೇಟ್, ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತೋದಿಲ್ಲ. ಊಟ ಮುಗಿದ ತಕ್ಷಣ ಕಾಫಿ ಕುಡಿದರೆ ಇದ್ದದ್ದೂ ಹೋಯ್ತು. ನಮ್ಮ ಕಡೆ ಅದನ್ನು ಬಿಡಿ ಅಂದರೆ ಯಾರು ಕೇಳ್ತಾರೆ! ಕೊನೇಪಕ್ಷ ಒಂದು ಗಂಟೆ ತಡವಾಗಿ ಕುಡಿಯಿರಿ. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಜೊತೆ ಸೀಬೆಹಣ್ಣು, ನೆಲ್ಲಿಕಾಯಿ ತಿನ್ನಿ. ಸಿ ಜೀವಸತ್ವ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಮಾಂಸ ತಿನ್ನುವವರಿಗೆ ಈಲಿಯಂಥದ್ದು (ಲಿವರ್) ಇನ್ನೂ ಒಳ್ಳೇದು, ಬಸುರಿಯರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಬೆಲ್ಲದಿಂದ ಎಚ್‌ಬಿ ಏರುತ್ತೆ ಅಂತ ಮಂಡ್ಯದವರು ಹೇಳಿದರೆ ನಾನು ಎದುರಾಡೋದಿಲ್ಲ. ಆದರೆ ಅಷ್ಟು ಬೆಲ್ಲ ತಿಂದರೆ ಪಕ್ಕದ ಶುಗರ್ ಕಾಲಂ ಕೆಂಪಾಗುತ್ತೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತೆ. ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತೆ. ಮೇಲಿಂದ ಎಷ್ಟು ಸುರಿದರೂ ತೂತಿನ ಬಿಂದಿಗೆ. ಶಾಲೆ, ಅಂಗನವಾಡಿಯಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಕ್ಕೆ ಅಲ್ಬೆಂಡಜೋಲ್ ಕೊಡುವುದು ಇದಕ್ಕೇ. ತಿಂಗಳ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವುದನ್ನೂ ಅಷ್ಟೇ, ಹೆಂಗಸರು ಡಾಕ್ಟರ ಮುಂದೆ ಹೇಳದೆ ನನ್ನ ಹತ್ತಿರ ಪಿಸುಗುಡುತ್ತಾರೆ. ದಯವಿಟ್ಟು ಅಲ್ಲೇ ಹೇಳಿ.

ಕೆಂಪು ಮಾತ್ರೆ ಶುರು ಮಾಡಿ ಎಂಟು ದಿನ ಆಯ್ತು. ಮತ್ತೆ ಟೆಸ್ಟ್ ಮಾಡಿಸ್ಲಾ?

ಬೇಡ, ದುಡ್ಡು ಉಳಿಸಿ. ಎಂಟು ದಿನಕ್ಕೆ ಎಚ್‌ಬಿ ಅಲುಗಾಡೋದು ಕಮ್ಮಿ. ತಿಂಗಳಿಗೆ 1 ಗ್ರಾಂ ಏರಿದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಬೇಡಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಎಚ್‌ಬಿ ಸರಿಹೋದ ದಿನವೇ ಮಾತ್ರೆ ಬಿಡುವವರೇ ಜಾಸ್ತಿ. ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು. ಗರ್ಭಿಣಿಯರಿಗೆ ಸರ್ಕಾರ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ಕೊಡುವುದು ಸುಮ್ನೆ ಅಲ್ಲ.

ನಮ್ಮ ಯಜಮಾನರಿಗೆ 58 ವರ್ಷ. ಎಚ್‌ಬಿ 9. ಮೆಡಿಕಲ್ ಶಾಪಲ್ಲಿ ಟಾನಿಕ್ ಕೊಟ್ರು, ಸಾಕಲ್ವಾ?

ಸಾಕಾಗಲ್ಲಕ್ಕ. ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಗಂಡಸರಿಗೆ ಮುಟ್ಟಿಲ್ಲ, ಹೆರಿಗೆ ಇಲ್ಲ. ಹಾಗಿದ್ದೂ ಕಬ್ಬಿಣದ ಕೊರತೆಯಾಗಿದೆ ಅಂದರೆ ರಕ್ತ ಎಲ್ಲಿಂದಲೋ ಸೋರುತ್ತಿರಬಹುದು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ವರ್ಷಗಟ್ಟಲೆ ನುಂಗಿದ ಮಂಡಿನೋವಿನ ಮಾತ್ರೆ, ಕೆಲವೊಮ್ಮೆ ಕರುಳಿನ ಅಥವಾ ಜಠರದ ಕ್ಯಾನ್ಸರ್. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು. ಟಾನಿಕ್ ಕುಡಿದರೆ ಸಂಖ್ಯೆ ಸ್ವಲ್ಪ ಏರುತ್ತೆ, ಸೋರುವುದು ನಿಲ್ಲೋದಿಲ್ಲ. ಡಾಕ್ಟರು ಮಲ ಪರೀಕ್ಷೆ, ಎಂಡೋಸ್ಕೋಪಿ ಅಂದರೆ "ರಕ್ತ ಕಮ್ಮಿ ಅಂತ ಬಂದರೆ ಹೊಟ್ಟೆಗೆ ಪೈಪ್ ಹಾಕ್ತಾರೆ" ಅಂತ ಬೈಕೊಂಡು ಹೋಗಬೇಡಿ.

ನನಗೆ 18.2. ಜಾಸ್ತಿ ಇದ್ರೆ ಗಟ್ಟಿಮುಟ್ಟು ಅಂತಲ್ವಾ?

ಅಲ್ಲ. ಬೀಡಿ ಸಿಗರೇಟು, ಶ್ವಾಸಕೋಶದ ಕಾಯಿಲೆ, ಗೊರಕೆಯಲ್ಲಿ ಉಸಿರು ಕಟ್ಟುವುದು, ಮೈಯ ನೀರು ಆರಿರುವುದು, ಇವೆಲ್ಲ ಏರಿಸುತ್ತವೆ. ಬೇಸಿಗೆಯಲ್ಲಿ ಕಬ್ಬು ಕಡಿದು ನೇರ ಬಂದವರಲ್ಲೂ ಏರಿರುತ್ತೆ. ನೀರು ಕುಡಿದು ಇನ್ನೊಂದು ದಿನ ಮಾಡಿಸಿ. ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿ ಅಲ್ಲೇ ನಿಂತರೆ ಮೂಳೆಮಜ್ಜೆಯ ಕಾಯಿಲೆ ಇದೆಯಾ ಅಂತ ಡಾಕ್ಟರು ನೋಡುತ್ತಾರೆ. ರಕ್ತ ಗಟ್ಟಿಯಾದರೆ ಹೆಪ್ಪುಗಟ್ಟುವ ಅಪಾಯ ಇದೆ.

ಮೂರು ತಿಂಗಳ ಶುಗರ್ ಟೆಸ್ಟಿಗೂ ಎಚ್‌ಬಿಗೂ ಏನು ಸಂಬಂಧ?

ಹೆಸರಲ್ಲೇ ಇದೆ, ಎಚ್‌ಬಿಎ1ಸಿ. ರಕ್ತದ ಸಕ್ಕರೆ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಜಾತಕ ಸಿಗುತ್ತೆ. ಶೇ. 6.5 ಅಥವಾ ಮೇಲೆ ಅಂದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅಂದರೆ ಹೊಸ್ತಿಲ ಮೇಲೆ.

ಇಲ್ಲೇ ಒಂದು ಸಿಕ್ಕಿದೆ. ಕಬ್ಬಿಣದ ಕೊರತೆ ಇದ್ದವರಲ್ಲಿ ಎ1ಸಿ ಸುಳ್ಳಾಗಿ ಏರಿ ತೋರಿಸಬಹುದು. ರಕ್ತ ಹಾಕಿಸಿಕೊಂಡವರಲ್ಲಿ, ಕಣಗಳು ಬೇಗ ಒಡೆಯುವವರಲ್ಲಿ ಸುಳ್ಳಾಗಿ ಇಳಿಯುತ್ತೆ. ಎಚ್‌ಬಿ 8 ಇದ್ದು ಎ1ಸಿ 6.7 ಬಂತು ಅಂದ ಮಾತ್ರಕ್ಕೆ ಸಕ್ಕರೆ ಕಾಯಿಲೆ ಅಂತ ತೀರ್ಮಾನ ಮಾಡಬಾರದು. ಎರಡೂ ರಿಪೋರ್ಟನ್ನು ಒಟ್ಟಿಗೆ ಡಾಕ್ಟರಿಗೆ ತೋರಿಸಿ.

ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ತಿಂದರೂ 10ರ ಮೇಲೆ ಹೋಗಲ್ಲ. ಈಗ ಎಚ್‌ಪಿಎಲ್‌ಸಿ ಬರೆದಿದ್ದಾರೆ. ಏನದು?

ಹಿಮೋಗ್ಲೋಬಿನ್ ಎಷ್ಟಿದೆ ಅನ್ನೋದನ್ನು ಬಿಟ್ಟು, ಯಾವ ಜಾತಿಯದ್ದು ಅಂತ ಬಿಡಿಸಿ ನೋಡುವ ಟೆಸ್ಟ್. ಥಲಸ್ಸೀಮಿಯಾ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಬರುವ ಕಾಯಿಲೆ. ಅದರ ವಾಹಕರಲ್ಲಿ ಕಣ ತುಂಬಾ ಸಣ್ಣದಿದ್ದರೂ ಕಣದ ಲೆಕ್ಕ ಜಾಸ್ತಿ ಇರುತ್ತೆ. ಎಂಸಿವಿಯನ್ನು ಕೆಂಪು ಕಣದ ಲೆಕ್ಕದಿಂದ ಭಾಗಿಸಿ 13ಕ್ಕಿಂತ ಕಡಿಮೆ ಬಂದರೆ ಅನುಮಾನ ಪಡುತ್ತಾರೆ. ಎಚ್‌ಬಿಎ2 ಅನ್ನೋ ಜಾತಿಯ ಹಿಮೋಗ್ಲೋಬಿನ್ ಶೇ. 3.5ಕ್ಕಿಂತ ಜಾಸ್ತಿ ಇದ್ದರೆ ಬೀಟಾ ಥಲಸ್ಸೀಮಿಯಾ ವಾಹಕರಿರಬಹುದು. ಇಂಥವರಿಗೆ ಕೊರತೆ ಇಲ್ಲದೆ ಕಬ್ಬಿಣ ಕೊಟ್ಟರೆ ಪ್ರಯೋಜನ ಇಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಎಚ್.ಡಿ. ಕೋಟೆಯ ಹಾಡಿಗಳ ಕಡೆಯವರಾದರೆ ಕುಡಗೋಲು ಕಣ ರೋಗವನ್ನೂ (ಸಿಕಲ್ ಸೆಲ್) ನೋಡಿಸಿಕೊಳ್ಳಿ. ಇದಕ್ಕೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರು ಮಾಡಿದ ಅಭಿಯಾನದಲ್ಲಿ ಕರ್ನಾಟಕವೂ ಇದೆ, ತಪಾಸಣೆಗೆ ದುಡ್ಡಿಲ್ಲ.

## ಬಿಲ್ ಕೌಂಟರಿನಲ್ಲಿ

ಮೇಡಂ, ಬಿಲ್ಲಲ್ಲಿ ಎಚ್‌ಬಿ ಮೂರು ಸಲ ಹಾಕಿದ್ದೀರಾ!

ಈ ಜಗಳ ವಾರಕ್ಕೊಂದು. ಮೂರೂ ಬೇರೆ ಬೇರೆ. ಬರೀ ಎಚ್‌ಬಿ ಅಂದರೆ ಹಿಮೋಗ್ಲೋಬಿನ್. ಎಚ್‌ಬಿಎ1ಸಿ ಮೂರು ತಿಂಗಳ ಶುಗರ್. ಎಚ್‌ಬಿಎಸ್‌ಎಜಿ ಅಂದರೆ ಹೆಪಟೈಟಿಸ್ ಬಿ ಅನ್ನೋ ಕಾಮಾಲೆ ವೈರಸ್ಸಿನ ಟೆಸ್ಟ್, ಆಪರೇಷನ್ನಿಗೆ ಮುಂಚೆ ಮಾಡಿಸುತ್ತಾರೆ. ಅದಕ್ಕೂ ಹಿಮೋಗ್ಲೋಬಿನ್ನಿಗೂ ಸಂಬಂಧವೇ ಇಲ್ಲ.

ಜಗಳ ಆಡಬೇಕಾದ ಜಾಗ ಬೇರೆ ಇದೆ. ಸಿಬಿಸಿ (ಸೆಲ್ ಕೌಂಟರ್ ಯಂತ್ರ ಕೊಡುವ ಪೂರ್ತಿ ರಕ್ತಕಣ ಪರೀಕ್ಷೆ) ಅಂತ ಒಂದು ಸಾಲು, ಅದರ ಕೆಳಗೆ ಎಚ್‌ಬಿ ಅಂತ ಇನ್ನೊಂದು ಸಾಲು, ಅದೇ ದಿನ, ಅದೇ ಹೊತ್ತು. ಸಿಬಿಸಿ ಒಳಗೇ ಎಚ್‌ಬಿ ಇದೆ. ಒಂದೇ ಟ್ಯೂಬು, ಯಂತ್ರದ ಒಂದೇ ಓಟ. ಪ್ಲೇಟ್‌ಲೆಟ್, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಬೇರೆ ಬೇರೆ ಸಾಲಾಗಿ ಬಂದಿದ್ದರೂ ಇದೇ ಲೆಕ್ಕ. ಮೆತ್ತಗೆ ಬೆರಳಿಟ್ಟು ತೋರಿಸಿ, ಹೆಚ್ಚಿನ ಕಡೆ ತೆಗೆದುಬಿಡುತ್ತಾರೆ. ಡೆಂಗಿ ಆಗಿ ಮಲಗಿದವರಿಗೆ ದಿನಾ ಸಿಬಿಸಿ ಹಾಕಿದ್ದರೆ ಅದು ಬೇರೆ ಮಾತು. ಅಲ್ಲಿ ಪ್ಲೇಟ್‌ಲೆಟ್ ಮತ್ತು ಪಿಸಿವಿ ದಿನದಿನಕ್ಕೆ ಬದಲಾಗುತ್ತೆ, ನೋಡಲೇಬೇಕು.

ಅದೇ ಟೆಸ್ಟು, ಬೀದಿಗೊಂದು ರೇಟು. ಯಾಕೆ?

ಖಾಸಗಿ ಲ್ಯಾಬುಗಳಿಗೆ ಎಲ್ಲ ಕಡೆ ಒಂದೇ ರೇಟ್ ಇಲ್ಲ. ಯಂತ್ರದ ಬೆಲೆ, ರಾಸಾಯನಿಕ, ಲ್ಯಾಬಿನ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಉಳಿಸಿಕೊಳ್ಳುವ ಖರ್ಚು, ಬಾಡಿಗೆ, ಎಲ್ಲ ಸೇರುತ್ತೆ. ಮನೆಗೆ ಬಂದು ರಕ್ತ ತೆಗೆದರೆ ಅದಕ್ಕೊಂದಿಷ್ಟು. ಕೆಲವು ಕಡೆ ಕಮಿಷನ್ನೂ ಸೇರುತ್ತೆ, ಸುಳ್ಳು ಯಾಕೆ ಹೇಳಲಿ. ಅಗ್ಗದ "ಫುಲ್ ಬಾಡಿ ಪ್ಯಾಕೇಜ್" ನೋಡಿ ಬಲೆಗೆ ಬೀಳಬೇಡಿ. 70 ಟೆಸ್ಟ್ ಅಂತ ಹಾಕಿರುತ್ತಾರೆ. ಎಣಿಸಿ ನೋಡಿ, ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಒಂದೇ ಸಿಬಿಸಿಯ ಸಾಲುಗಳೇ ಇರುತ್ತವೆ.

ಜಿಎಸ್‌ಟಿ ಹಾಕಿಲ್ಲ, ಇದು ಪಕ್ಕಾ ಬಿಲ್ಲಾ?

ಪಕ್ಕಾನೇ. ಕಾಯಿಲೆ ಪತ್ತೆಯ ಟೆಸ್ಟಿಗೆ ಜಿಎಸ್‌ಟಿ ಇಲ್ಲ. ಹಾಕಿದ್ದರೇ ಕೇಳಿ.

ದುಡ್ಡಿಲ್ಲದೆ ಎಲ್ಲಿ ಮಾಡಿಸಬಹುದು?

ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತೆ. ಗರ್ಭಿಣಿಯರಿಗೆ ಪ್ರತಿ ತಪಾಸಣೆಯಲ್ಲೂ ಎಚ್‌ಬಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರಿಗೆಂದೇ ವಿಶೇಷ ತಪಾಸಣೆ ಇರುತ್ತೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಹೆಂಗಸರು ಮಕ್ಕಳಿಗೆ ಚೆಲುವಾಂಬ. ಮಂಡ್ಯದಲ್ಲಿ ಮಿಮ್ಸ್. ಬಿಪಿಎಲ್ ಕಾರ್ಡನ್ನು ಮೊದಲ ಕೌಂಟರಿನಲ್ಲೇ ತೋರಿಸಿ. ಆಮೇಲೆ ತೋರಿಸಿದರೆ ಚೀಟಿ ಬದಲಿಸಲು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಇಎಸ್‌ಐ ಇರುವ ಫ್ಯಾಕ್ಟರಿಯವರು ಇಎಸ್‌ಐ ಆಸ್ಪತ್ರೆಗೇ ಹೋಗಿ, ಪ್ರತಿ ತಿಂಗಳು ಸಂಬಳದಲ್ಲಿ ಹಿಡಿದಿರುವುದು ನಿಮ್ಮದೇ ದುಡ್ಡು.

ಆಯುಷ್ಮಾನ್ ಕಾರ್ಡ್ ತೋರಿಸಿದ್ರೂ ಸಿಬಿಸಿಗೆ ದುಡ್ಡು ಕೇಳಿದ್ರಿ. ಯಾಕೆ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇರುವುದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡುತ್ತೆ, ಮಿತಿ 1.5 ಲಕ್ಷ. ನಡೆದುಕೊಂಡು ಬಂದು ಲ್ಯಾಬಿನಲ್ಲಿ ಮಾಡಿಸುವ ಟೆಸ್ಟಿಗೆ ಅದು ಬರೋದಿಲ್ಲ. ಆದರೆ ಅದೇ ಕಾರ್ಡಿನ ಮೇಲೆ ಅಡ್ಮಿಟ್ ಆದ ಮೇಲೆ ಆ ಚಿಕಿತ್ಸೆಗೆ ಬೇಕಾದ ರಕ್ತ ಪರೀಕ್ಷೆ ಪ್ಯಾಕೇಜ್ ಒಳಗೇ ಸೇರಿರುತ್ತೆ. ಅಲ್ಲಿ ಬಿಪಿಎಲ್‌ನವರ ಹತ್ತಿರ ಬೇರೆಯಾಗಿ ದುಡ್ಡು ಕೇಳಿದರೆ ಕೊಡಬೇಡಿ, ಈ ಯೋಜನೆಯ ಸಹಾಯಕ್ಕೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಹುಡುಕಿ. ಯಶಸ್ವಿನಿ ಕಾರ್ಡೂ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ.

ಆಪರೇಷನ್ನಿಗೆ ಮುಂಚೆ ಮಾಡಿಸಿದ ಟೆಸ್ಟಿನ ದುಡ್ಡನ್ನು ಇನ್ಶೂರೆನ್ಸ್‌ನವರು ಕೊಡ್ತಾರಾ?

ಸಾಮಾನ್ಯವಾಗಿ ಸೇರುವುದಕ್ಕೆ 30 ದಿನ ಮುಂಚಿನ, ಬಿಡುಗಡೆಯಾಗಿ 60 ದಿನದವರೆಗಿನ ಖರ್ಚು ಕೊಡುತ್ತಾರೆ. ದಿನದ ಲೆಕ್ಕ ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತೆ. ಆದರೆ ಅದೇ ಕಾಯಿಲೆಗೆ ಸಂಬಂಧಿಸಿದ ಟೆಸ್ಟ್ ಆಗಿರಬೇಕು. ಬರೀ ಟೆಸ್ಟ್ ಮಾಡಿಸಲಿಕ್ಕೇ ಅಡ್ಮಿಟ್ ಆದರೆ ಕೊಡೋದಿಲ್ಲ.

ನನ್ನ ಅಕ್ಕನ ವಿಷಯ ಹೇಳುತ್ತೇನೆ. ಗರ್ಭಕೋಶದಲ್ಲಿ ಗಡ್ಡೆ, ವಿಪರೀತ ರಕ್ತಸ್ರಾವ, ಎಚ್‌ಬಿ 7.4. ಆಪರೇಷನ್ನಿಗೆ ಮುಂಚೆ ಮೂರು ಸಲ ಸಿಬಿಸಿ ಆಯ್ತು. ಕ್ಲೈಮ್ ಹಾಕಿದಾಗ ಮೂರರಲ್ಲಿ ಎರಡನ್ನು ತಳ್ಳಿಹಾಕಿದರು. ಡಾಕ್ಟರು ಫೋನಿನಲ್ಲಿ "ಇನ್ನೊಂದು ಸಲ ಮಾಡಿಸಮ್ಮ" ಅಂದಿದ್ದರು, ನಾನೇ ಮಾಡಿದ್ದೆ, ಚೀಟಿ ಇರಲಿಲ್ಲ. ಲ್ಯಾಬಿನವಳ ಅಕ್ಕನಿಗೇ ಹೀಗೆ! ಆಮೇಲೆ ಡಾಕ್ಟರು "ಅತಿಸ್ರಾವದಿಂದ ರಕ್ತಹೀನತೆ, ಆಪರೇಷನ್ನಿಗೆ ಮುಂಚೆ ಎಚ್‌ಬಿ ಏರಿಕೆ ನೋಡಲು" ಅಂತ ಕಾರಣ ಬರೆದು ಪತ್ರ ಕೊಟ್ಟರು, ದುಡ್ಡು ಬಂತು. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಡಾಕ್ಟರ ಚೀಟಿ, ರಿಪೋರ್ಟ್, ಬಿಲ್, ಮೂರನ್ನೂ ಒಂದೇ ಪಿನ್ನಿಗೆ ಹಾಕಿ. ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಚೀಟಿಯಲ್ಲಿ ಟೆಸ್ಟಿನ ಹೆಸರಿನ ಪಕ್ಕ ಯಾಕೆ ಅನ್ನೋದನ್ನೂ ಬರೆಸಿಕೊಳ್ಳಿ.

ಕ್ಲೈಮ್ ಇಲ್ಲದ ಮಾಮೂಲಿ ತಪಾಸಣೆಯ ಬಿಲ್ಲನ್ನೂ ಎಸೆಯಬೇಡಿ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಡಿ ಎಂದೇ ಹೆಸರಾದ ವಿನಾಯಿತಿಯಲ್ಲಿ ಮುಂಜಾಗ್ರತೆ ತಪಾಸಣೆಗೆ 5,000 ರೂಪಾಯಿವರೆಗೆ ತೋರಿಸಬಹುದು. ನಗದು ಕೊಟ್ಟಿದ್ದರೂ ಆಗುತ್ತೆ.

ಬಿಲ್ಲಲ್ಲಿ ತಪ್ಪಿದೆ, ಕೇಳಿದ್ರೆ ಗದರಿಸ್ತಾರೆ. ಯಾರಿಗೆ ಹೇಳೋದು?

ಮೊದಲು ಸಾಲು ಸಾಲಾಗಿ ಬಿಡಿಸಿದ ಬಿಲ್ ಕೇಳಿ. ಒಟ್ಟು ಮೊತ್ತ ಮಾತ್ರ ಬರೆದ ಚೀಟಿ ಒಪ್ಪಬೇಡಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆ, ಲ್ಯಾಬ್ ಎಲ್ಲ ನೋಂದಣಿ ಆಗಿರಬೇಕು, ದರಪಟ್ಟಿ ತೋರಿಸಬೇಕು. ಸರಿಹೋಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಡಿ. ಅದನ್ನು ವಿಚಾರಿಸುವ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು.

## ಮೈಸೂರಲ್ಲಿ ಕೂತು ಅಮೆರಿಕದ ಬಿಲ್ ಮಾಡುವವರಿಗೆ

ನಮ್ಮ ಬೀದಿಯಲ್ಲೇ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ, ಅಂದರೆ ಟೆಸ್ಟು, ಕಾಯಿಲೆಗಳನ್ನು ಬಿಲ್ಲಿಗಾಗಿ ಕೋಡ್ ಸಂಖ್ಯೆಯಲ್ಲಿ ಬರೆಯುವ ಕೆಲಸಕ್ಕೆ ಹೋಗುವ ಮಕ್ಕಳು ನಾಲ್ಕು ಜನ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವಾಗ ನನ್ನ ಶಟರ್ ಆಗ ತಾನೇ ಎದ್ದಿರುತ್ತೆ. ಇವು ಅವರ ಪ್ರಶ್ನೆಗಳು. ಕೋಡೆಲ್ಲ ಅಮೆರಿಕದ್ದು, ನಮ್ಮ ಬಿಲ್ಲಿಗೆ ಬರೋದಿಲ್ಲ.

ಅಕ್ಕ, 85025 ಜೊತೆ 85018 ಹಾಕಿದ್ರೆ ಯಾಕೆ ರಿಜೆಕ್ಟ್ ಆಗುತ್ತೆ?

ಮೇಲೆ ಸಿಬಿಸಿ ಕೆಳಗೆ ಎಚ್‌ಬಿ ಅಂತ ಜಗಳ ಆಡಿ ಅಂದೆನಲ್ಲ, ಅದೇ ಜಗಳವನ್ನು ಅಲ್ಲಿ ಕಂಪ್ಯೂಟರ್ ಆಡುತ್ತೆ. 85025 ಅಂದರೆ ಬಿಳಿ ಕಣಗಳ ವಿಂಗಡಣೆ ಸಮೇತ ಸಿಬಿಸಿ. 85027 ವಿಂಗಡಣೆ ಇಲ್ಲದ್ದು. 85018 ಬರೀ ಹಿಮೋಗ್ಲೋಬಿನ್, 85014 ಹಿಮ್ಯಾಟೊಕ್ರಿಟ್, ಅಂದರೆ ಮೇಲೆ ಹೇಳಿದ ಪಿಸಿವಿ. ಸಿಬಿಸಿ ಒಳಗೆ ಉಳಿದವು ಅಡಕ. ಡಾಕ್ಟರು ಎಚ್‌ಬಿ ಮಾತ್ರ ಬರೆದಿದ್ದರೆ, ಯಂತ್ರ ಪೂರ್ತಿ ಸಿಬಿಸಿ ಕೊಟ್ಟಿತು ಅಂತ 85025 ಹಾಕಲೂಬಾರದು. ಬೆರಳು ಚುಚ್ಚುವ ಮೀಟರಿನ ಸಣ್ಣ ಕ್ಲಿನಿಕ್ಕಿಗೆ ಸರಳ ಟೆಸ್ಟುಗಳ ಪರವಾನಗಿ ಮಾತ್ರ ಇದ್ದರೆ 85018ಕ್ಕೆ ಕ್ಯೂಡಬ್ಲ್ಯೂ ಮಾಡಿಫೈಯರ್ (ಕೋಡಿನ ಕೊನೆಗೆ ಸೇರಿಸುವ ಗುರುತು) ಬೇಕು. 83036 ಎ1ಸಿ, ಅದು ಇವುಗಳ ಸಂಬಂಧಿಕರಲ್ಲ.

ರಿಪೋರ್ಟಲ್ಲಿ ಎಚ್‌ಬಿ 7.9 ಅಂತ ಕಣ್ಣಿಗೆ ಕಾಣ್ತಿದೆ. ರಕ್ತಹೀನತೆ ಕೋಡ್ ಡಿ64.9 ಹಾಕಿಬಿಡ್ಲಾ?

ಬೇಡ. ಸಂಖ್ಯೆ ನೋಡಿ ಕಾಯಿಲೆಯ ಹೆಸರಿಡುವುದು ಕೋಡರ್ ಕೆಲಸ ಅಲ್ಲ, ನನ್ನ ಕೆಲಸವೂ ಅಲ್ಲ. ಡಾಕ್ಟರು ರಕ್ತಹೀನತೆ ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ ಅವರಿಗೆ ಪ್ರಶ್ನೆ ಕಳಿಸು. ಬರೀ ಸುಸ್ತು ಅಂತ ಬರೆದಿದ್ದರೆ ಸುಸ್ತಿನ ಕೋಡೇ, ಆರ್53.83. ಬರೆದಿದ್ದರೂ ಡಿ64.9ಕ್ಕೆ ನಿಲ್ಲಬೇಡ, ಅದು "ಯಾವುದೋ ಒಂದು ರಕ್ತಹೀನತೆ" ಅಂದ ಹಾಗೆ. ಕಬ್ಬಿಣದ ಕೊರತೆ ಅಂತ ಇದ್ದರೆ ಡಿ50ರ ಮನೆ, ದಿಢೀರ್ ರಕ್ತ ಹೋಗಿದ್ದರೆ ಡಿ62. ಮೂತ್ರಪಿಂಡ ಕಾಯಿಲೆಯಿಂದ ಬಂದಿದ್ದರೆ ಮೊದಲು ಆ ಕಾಯಿಲೆಯ ಕೋಡ್ ಎನ್18, ಅದಾದ ಮೇಲೆ ಡಿ63.1.

ಒಂದೇ ದಿನ ಒಬ್ಬರಿಗೇ ನಾಲ್ಕು ಸಲ ಎಚ್‌ಬಿ. ನಾಲ್ಕಕ್ಕೂ ದುಡ್ಡು ಬರುತ್ತಾ?

ಹೊಟ್ಟೆಯಲ್ಲಿ ರಕ್ತ ಸೋರುತ್ತಿರುವ ರೋಗಿಗೆ ಆರು ಗಂಟೆಗೊಮ್ಮೆ ನೋಡಲೇಬೇಕು. ಮೊದಲನೆಯದಕ್ಕೆ ಮಾಮೂಲಿ ಕೋಡ್, ಉಳಿದವಕ್ಕೆ 91 ಮಾಡಿಫೈಯರ್. ಆದರೆ ಸ್ಯಾಂಪಲ್ ಕೆಟ್ಟಿತ್ತು, ಯಂತ್ರ ಕೈಕೊಟ್ಟಿತ್ತು, ಫಲಿತಾಂಶ ಖಚಿತ ಮಾಡಿಕೊಳ್ಳಲು ಮತ್ತೆ ಓಡಿಸಿದೆವು ಅಂದರೆ 91 ಹಾಕುವ ಹಾಗಿಲ್ಲ. ಡ್ರಿಪ್ ಕೈಯಿಂದ ರಕ್ತ ಎಳೆದವರ ಕಥೆ ಹೇಳಿದೆನಲ್ಲ, ಆ ಎರಡನೇ ಸಾಲು ಅಲ್ಲಿಯೂ ಬಿದ್ದುಹೋಗುತ್ತಿತ್ತು.

ಡಯಾಲಿಸಿಸ್ ಕ್ಲೈಮಲ್ಲಿ ಎಚ್‌ಬಿ ಸಂಖ್ಯೇನೇ ತುಂಬು ಅನ್ನುತ್ತೆ. ಟೆಸ್ಟ್ ಬಿಲ್ ಮಾಡಿದ್ರೆ ಸಾಲದಾ?

ಸಾಲದು. ಮೂತ್ರಪಿಂಡ ಕೆಟ್ಟರೆ ರಕ್ತ ಉತ್ಪಾದಿಸಲು ಹೇಳುವ ಎರಿಥ್ರೊಪೊಯೆಟಿನ್ ಹಾರ್ಮೋನ್ ಕಡಿಮೆಯಾಗುತ್ತೆ. ಅದಕ್ಕೆ ಆ ಇಂಜೆಕ್ಷನ್ ಕೊಡುತ್ತಾರೆ. ಜಾಸ್ತಿ ಕೊಟ್ಟು ಎಚ್‌ಬಿಯನ್ನು 11ರ ಮೇಲೆ ಏರಿಸಲು ಹೋದರೆ ಹೃದಯಾಘಾತ, ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧ ಇಲಾಖೆ ಡಬ್ಬಿಯ ಮೇಲೆಯೇ ಎಚ್ಚರಿಕೆ ಹಾಕಿಸಿದೆ. ಹಾಗಾಗಿ ದುಡ್ಡು ಕೊಡುವ ಮೆಡಿಕೇರ್‌ಗೆ (ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ) ಸಂಖ್ಯೆಯೇ ಬೇಕು. ಹಿಮೋಗ್ಲೋಬಿನ್ನಿಗೆ ವ್ಯಾಲ್ಯೂ ಕೋಡ್ 48, ಹಿಮ್ಯಾಟೊಕ್ರಿಟ್‌ಗೆ 49. ನೀನು ತಪ್ಪುವುದು ತಾರೀಖಿನಲ್ಲಿ. ತಿಂಗಳ ನಡುವೆ ಬಂದ ಹೊಸ ಸಂಖ್ಯೆ ಹಾಕಬೇಡ. ಆ ಬಿಲ್ಲಿನ ಅವಧಿ ಶುರುವಾಗುವ ಮುಂಚೆ ಕೊನೆಯದಾಗಿ ಮಾಡಿದ ಟೆಸ್ಟ್ ಯಾವುದೋ ಅದನ್ನು ಹಾಕು.